ಟಾಕೀಸಿನ ಹಿಂದಿನ ರೂಮು

ಸಿನಿಮಾ ಹೀರೋಗೆ ಒಂದೇ ಶಾಟ್‌ನಲ್ಲಿ ಸಿಗುವ ರೂಮು ನಮ್ಮ ನಿಮ್ಮಂಥವರಿಗೆ ಎಷ್ಟಕ್ಕೆ ಬೀಳುತ್ತೆ? ದಾವಣಗೆರೆಯಲ್ಲಿ ಹತ್ತು ವರ್ಷ ಒಂದೇ ರೂಮಿನಲ್ಲಿದ್ದವನ ಲೆಕ್ಕದ ಪುಸ್ತಕ!

ಈ ಸೀನು ನೀವು ಎಷ್ಟು ಸಲ ನೋಡಿದ್ದೀರೋ ಲೆಕ್ಕವಿಲ್ಲ. ಹೀರೋ ಹಳ್ಳಿಯಿಂದ ಬರುತ್ತಾನೆ. ಕೈಯಲ್ಲೊಂದು ಟ್ರಂಕು. ಬಸ್ ಇಳಿದು ಆ ಕಡೆ ಈ ಕಡೆ ನೋಡುತ್ತಾನೆ. ಮುಂದಿನ ಶಾಟ್‌ನಲ್ಲಿ... ರೂಮು ರೆಡಿ! ಗಾಳಿ ಬೆಳಕು ಬೇಕಾದಷ್ಟು. ಕಿಟಕಿ ತೆಗೆದರೆ ಎದುರು ಮಹಡಿಯಲ್ಲಿ ನಾಯಕಿ ಕೂದಲು ಒಣಗಿಸುತ್ತಾ ನಿಂತಿರುತ್ತಾಳೆ. ಗಾಂಧಿ ಕ್ಲಾಸಿನಿಂದ ಸಿಳ್ಳೆ! ನಾನೂ ಹೊಡೆದಿದ್ದೇನೆ, ಸುಳ್ಳು ಯಾಕೆ ಹೇಳಲಿ?

ಆದರೆ ಸ್ವಾಮಿ, ಆ ಎರಡು ಶಾಟ್‌ಗಳ ಮಧ್ಯೆ ಒಂದು ಸೀನು ಕಟ್ ಆಗಿದೆ. ಅದೇ ಅಡ್ವಾನ್ಸ್ ಕೊಡುವ ಸೀನು. ಫೈಟ್ ತೆಗೆಯುತ್ತಾರೆ, ಡ್ಯುಯೆಟ್ ತೆಗೆಯುತ್ತಾರೆ, ಹೀರೋ ಮನೆ ಮಾಲೀಕರ ಮುಂದೆ ನೋಟು ಎಣಿಸುವುದನ್ನು ಮಾತ್ರ ಯಾರೂ ತೆಗೆಯುವುದಿಲ್ಲ. ಆ ಕಟ್ ಆದ ಸೀನನ್ನೇ ಈ ವಾರ ನಿಮಗೆ ತೋರಿಸೋಣ ಅಂತ ಕೂತಿದ್ದೇನೆ. ಕಥೆ ನನ್ನದೇ. ಊರು ದಾವಣಗೆರೆ.

'ಬ್ಯಾಚುಲರ್ರಾ? ಇಲ್ರೀ!'

2012ರ ಜೂನ್ ತಿಂಗಳು. ಜಗಳೂರು ತಾಲೂಕಿನ ಒಂದು ಹಳ್ಳಿಯಿಂದ ಬಂದು ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆ. ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಗೊತ್ತಾಗಿತ್ತು. ಸಂಬಳ ಐದೂವರೆ ಸಾವಿರ. ಆ ಕಾಲಕ್ಕೆ ನನಗೆ ಅದು ದೊಡ್ಡ ದುಡ್ಡೇ. ರೂಮು ಒಂದು ಸಿಕ್ಕಿಬಿಟ್ಟರೆ ನಾನೇ ರಾಜ ಅಂದುಕೊಂಡಿದ್ದೆ.

ದಾವಣಗೆರೆ ಹಿಂದೆ ಹತ್ತಿ ಗಿರಣಿಗಳ ಊರು. 'ಕರ್ನಾಟಕದ ಮ್ಯಾಂಚೆಸ್ಟರ್' ಅಂತಲೇ ಹೆಸರು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಅವುಗಳ ಜಾಗಕ್ಕೆ ಕಾಲೇಜುಗಳು ಬಂದವು. ಇಂಜಿನಿಯರಿಂಗ್, ಮೆಡಿಕಲ್, ಡೆಂಟಲ್... ಎಲ್ಲೆಲ್ಲಿಂದಲೋ ಹುಡುಗರು ಓದೋಕೆ ಬಂದರು. 1997ರ ಆಗಸ್ಟ್ 15ರಂದು ಜಿಲ್ಲಾ ಕೇಂದ್ರವೂ ಆಯಿತು. ಆಫೀಸುಗಳು ಬಂದವು, ಆಫೀಸಿನವರು ಬಂದರು. ಬಂದವರಿಗೆಲ್ಲ ಮನೆ ಬೇಕಲ್ಲ? ವಿದ್ಯಾನಗರ, ಎಂ.ಸಿ.ಸಿ. ಬ್ಲಾಕಿನ ಕಡೆ ಹೋದರೆ ಬಾಡಿಗೆ ಕೇಳಿಯೇ ಬಾಯಿ ಒಣಗುತ್ತಿತ್ತು. ಅದಕ್ಕೇ ನಾನು ಹಳೇ ಊರಿನ ಕಡೆ ತಿರುಗಿದೆ.

ಮೊದಲನೇ ಮನೆ. ಬೋರ್ಡು ನೇತಾಡ್ತಾ ಇತ್ತು. ಅಮ್ಮ ಒಬ್ಬರು ಬಾಗಿಲು ಅರ್ಧ ತೆಗೆದರು. "ಮದುವಿ ಆಗೇತೇನಪ್ಪಾ?" "ಇನ್ನೂ ಇಲ್ಲಮ್ಮ." "ಬ್ಯಾಚುಲರ್ರಿಗೆ ಕೊಡಂಗಿಲ್ಲಪ್ಪ." ಬಾಗಿಲು ಟಪ್!

ಎರಡನೇ ಮನೆ. ಯಜಮಾನರು ಕುರ್ಚಿ ಹಾಕಿ ಕೂರಿಸಿದರು, ನೀರು ಕೊಟ್ಟರು. ಆಮೇಲೆ ಮೆತ್ತಗೆ, "ನಿಮ್ಮದು ಯಾವ ಮಂದಿ?" ಅಂದರು. ಹೇಳಿದೆ. "ಹೋದ ವಾರನೇ ಒಬ್ಬರಿಗೆ ಮಾತು ಕೊಟ್ಟುಬಿಟ್ಟಿದ್ದೆ, ಮರ್ತಿದ್ದೆ ನೋಡಿ" ಅಂದರು. ಬೋರ್ಡು ಮಾತ್ರ ಇನ್ನೂ ಎರಡು ತಿಂಗಳು ಅಲ್ಲೇ ನೇತಾಡ್ತಿತ್ತು. ಇಂಥ ಮನೆಗಳು ಎಷ್ಟು ಅಂತ ಎಣಿಸೋದು ಬಿಟ್ಟೆ.

ಮೂರನೇ ದಿನ ಸಂಜೆ ಒಂದು ಟಾಕೀಸಿನ ಹಿಂದಿನ ಗಲ್ಲಿಗೆ ಬಂದೆ. ಟಾಕೀಸಿನ ಹೆಸರು ಬೇಡ ಬಿಡಿ. ಪರದೆ ಇರುವ ಗೋಡೆಗೆ ಅಂಟಿಕೊಂಡಂತೆ ಮೂರು ರೂಮುಗಳ ಸಾಲು. ಮಾಲೀಕರು ಗಿರಣಿಯಲ್ಲಿ ದುಡಿದು, ಗಿರಣಿ ಮುಚ್ಚಿದ ಮೇಲೆ ಮನೆಗೆ ಬಂದವರು. ಆ ಮೂರು ರೂಮಿನ ಬಾಡಿಗೆಯೇ ಗಂಡ ಹೆಂಡತಿಯ ರೇಷನ್ನು, ಔಷಧಿ ಎಲ್ಲ. ಅವರು ಮದುವೆ ಕೇಳಲಿಲ್ಲ, ಜಾತಿ ಕೇಳಲಿಲ್ಲ. ಕೇಳಿದ್ದು ಒಂದೇ ಮಾತು: "ಸೌಂಡು ತಡಕಂತೀಯಾ?"

ಸಿನಿಮಾ ಹುಚ್ಚನಿಗೆ ಕೇಳುವ ಪ್ರಶ್ನೆಯೇ ಇದು!

"ಬೇರೆ ಕಡೆ ಇಂಥ ರೂಮಿಗೆ ಎರಡು ಸಾವಿರ ಐತಿ. ನಮ್ದು ಒಂದೂವರೆ. ಉಳಿದ ಐನೂರು ಟಾಕೀಸಿನೋರೇ ಕೊಟ್ಟಂಗೆ ತಿಳ್ಕ" ಅಂದರು. ಆಮೇಲೆ ಮೆಲ್ಲಗೆ, "ಅಡ್ವಾನ್ಸ್ ಹತ್ತು ತಿಂಗಳದು."

ಹದಿನೈದು ಸಾವಿರ!

ಅವ್ವನ ಬೆಂಡೋಲೆ

ಮೊದಲ ಸಂಬಳ ಕಣ್ಣಿಗೆ ಬೀಳುವ ಮುಂಚೆ ಹದಿನೈದು ಸಾವಿರ ಎಲ್ಲಿಂದ ತರೋದು? ಊರಿಗೆ ಹೋಗಿ ಹೇಳಿದೆ. ಅಪ್ಪ ಮಾತಾಡಲಿಲ್ಲ. ಅವ್ವ ಒಳಗೆ ಹೋಗಿ ಬೆಂಡೋಲೆ ಬಿಚ್ಚಿ ತಂದು ಕೈಯಲ್ಲಿಟ್ಟಳು. "ಅಡ್ವಾನ್ಸ್ ಅಂದ್ರ ವಾಪಸ್ ಬರೋ ದುಡ್ಡು ತಾನೆ? ಬಂದಮ್ಯಾಲೆ ಮಾಡಿಸಿದ್ರಾತು" ಅಂದಳು.

ಐದು ಗ್ರಾಂ. ಆಗ ಗ್ರಾಂಗೆ ಎರಡು ಸಾವಿರದ ಎಂಟುನೂರರ ಆಸುಪಾಸು. ಹದಿನಾಲ್ಕು ಸಾವಿರದ ಹತ್ತಿರ ಬಂತು. ಮೇಲಿನ ಸಾವಿರಕ್ಕೆ ಅಪ್ಪ ಯಾರದೋ ಕೈಸಾಲ ಮಾಡಿದ. ಹತ್ತು ನಿಮಿಷದಲ್ಲಿ ಎಲ್ಲ ಮಾಲೀಕರ ಕೈಗೆ ಹೋಯಿತು. ಒಂದು ಸಾದಾ ಹಾಳೆಯ ಮೇಲೆ ಅವರು ಬರೆದುಕೊಟ್ಟರು. ಅದೇ ನನ್ನ ಅಗ್ರಿಮೆಂಟು.

'ಅಡ್ವಾನ್ಸ್ ಅಂದ್ರೆ ವಾಪಸ್ ಬರೋ ದುಡ್ಡು.' ಅವ್ವನ ಈ ಮಾತು ನೆನಪಿಟ್ಟುಕೊಳ್ಳಿ, ವಾಚಕರೇ. ನಾನು ಈ ಲೇಖನ ಬರೆಯುತ್ತಿರುವುದೇ ಇದಕ್ಕೆ.

ಗೋಡೆಯಾಚೆಯ ಸಿನಿಮಾ

ರೂಮು ಎಂಟಡಿ ಹತ್ತಡಿ. ಪರದೆಯ ಹಿಂದೆ ಸ್ಪೀಕರು, ಸ್ಪೀಕರಿನ ಹಿಂದೆ ಗೋಡೆ, ಗೋಡೆಯ ಹಿಂದೆ ನನ್ನ ಚಾಪೆ. ದಿನಕ್ಕೆ ನಾಲ್ಕು ಆಟ. ಫೈಟ್ ಬಂದರೆ ತಾಕಿನ ಮೇಲಿನ ಸ್ಟೀಲ್ ಲೋಟ ನಡುಗುತ್ತಿತ್ತು. ಮೊದಲ ವಾರ ನಿದ್ದೆಯೇ ಇಲ್ಲ. ಎರಡನೇ ವಾರ ಡೈಲಾಗ್ ಬಾಯಿಗೆ ಬಂತು. ಮೂರನೇ ವಾರ ಸೆಕೆಂಡ್ ಶೋ ಜೋಗುಳ ಆಯಿತು!

ಆ ವರ್ಷ ನವೆಂಬರ್ 1ಕ್ಕೆ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಬಿಡುಗಡೆಯಾಯಿತು. ನಮ್ಮ ಟಾಕೀಸಿಗೂ ಬಂತು. ಕುದುರೆಗಳು ನನ್ನ ತಲೆದಿಂಬಿನ ಮೇಲೇ ಓಡಿದವು ಅನ್ನಿ. ಸಿನಿಮಾ ಹಿಟ್ಟೋ ಪ್ಲಾಪೋ ಅಂತ ಪತ್ರಿಕೆ ನೋಡಬೇಕಿರಲಿಲ್ಲ. ಸಿಳ್ಳೆ ಗೋಡೆ ದಾಟಿ ಬಂದರೆ ಹಿಟ್. ಬರೀ ಫ್ಯಾನಿನ ಸದ್ದು ಬಂದರೆ ಶುಕ್ರವಾರಕ್ಕೆ ಬೇರೆ ಪಿಕ್ಚರು ಅಂತ ಲೆಕ್ಕ. 2018ರ ಡಿಸೆಂಬರಿನಲ್ಲಿ 'ಕೆ.ಜಿ.ಎಫ್.' ಬಂದಾಗ ಮಾಲೀಕರ ಹೆಂಡತಿ, "ಏನ್ ಮಾಡಾಕ ಹತ್ಯಾರಪ್ಪ ಒಳಗೆ, ಗೋಡಿ ಬೀಳ್ತತೋ ಏನೋ" ಅಂದಿದ್ದರು.

ಬದುಕು ಹೇಗೆ ನಡೀತು ಅಂತೀರಾ? ಮೆಸ್ಸಿನಲ್ಲಿ ಎರಡು ಹೊತ್ತು ಊಟ, ತಿಂಗಳಿಗೆ ಒಂದೂವರೆ ಸಾವಿರ. ತಿಂಗಳ ಕೊನೆಗೆ ಮೆಸ್ಸಿನ ದುಡ್ಡು ಮುಗಿದರೆ ನಮ್ಮೂರಿನ ಮಂಡಕ್ಕಿ ಇದ್ದೇ ಇದೆ. ಮಂಡಕ್ಕಿ, ಮೆಣಸಿನಕಾಯಿ, ಒಂದು ಟೀ... ರಾತ್ರಿ ಮುಗೀತು. ಬೆಣ್ಣೆ ದೋಸೆ ಅನ್ನೋದು ಊರಿಂದ ಯಾರಾದರೂ ಬಂದಾಗ ಮಾತ್ರ, ಅದೂ ಅವರು ದುಡ್ಡು ಕೊಡ್ತೀನಿ ಅಂದರೆ!

ಬಾಡಿಗೆ ಹನ್ನೊಂದು ತಿಂಗಳಿಗೊಮ್ಮೆ ಏರುತ್ತಿತ್ತು. ನೂರು, ನೂರೈವತ್ತು, ಇನ್ನೂರು. ಏರಿದ್ದು ಗೊತ್ತೇ ಆಗಲ್ಲ, ಬಾವಿಗೆ ಇಳಿದಂತೆ. 2019ಕ್ಕೆ 2,600 ಆಗಿತ್ತು. ಆದರೂ ಆಚೆ ಗಲ್ಲಿಗಿಂತ ಕಡಿಮೆಯೇ. ಟಾಕೀಸಿನವರು ನನ್ನ ಪಾಲಿನ ದುಡ್ಡು ಕೊಡುತ್ತಲೇ ಇದ್ದರು.

ಸದ್ದು ನಿಂತ ದಿನ

2020ರ ಮಾರ್ಚ್. ರಾಜ್ಯದ ಚಿತ್ರಮಂದಿರಗಳೆಲ್ಲ ಬಂದ್. ಆಮೇಲೆ ಲಾಕ್‌ಡೌನ್. ಅಂಗಡಿಯೂ ಮುಚ್ಚಿತು, ಸಂಬಳವೂ ನಿಂತಿತು.

ಅವತ್ತು ರಾತ್ರಿ ಮಲಗಿದರೆ ನಿದ್ದೆ ಇಲ್ಲ. ಗೋಡೆಯಾಚೆ ಏನೂ ಇಲ್ಲ. 1987ರ 'ಪುಷ್ಪಕ ವಿಮಾನ' ನೆನಪಿದೆಯಾ? ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನದ ಮಾತಿಲ್ಲದ ಚಿತ್ರ. ಟಾಕೀಸಿನ ಪಕ್ಕದ ರೂಮಿನಲ್ಲಿದ್ದ ಕಮಲಹಾಸನ್ ದೊಡ್ಡ ಹೋಟೆಲಿಗೆ ಹೋಗುತ್ತಾನೆ. ಮೆತ್ತನೆ ಹಾಸಿಗೆ, ಆದರೆ ಸದ್ದಿಲ್ಲದೆ ನಿದ್ದೆ ಹತ್ತಲ್ಲ. ಕಡೆಗೆ ಟಾಕೀಸಿನ ಗದ್ದಲವನ್ನು ಟೇಪಿನಲ್ಲಿ ಹಿಡಿದು ತಂದು ಹಾಕಿಕೊಂಡು ಮಲಗುತ್ತಾನೆ. ಚಿಕ್ಕವನಿದ್ದಾಗ ಟಿ.ವಿ.ಯಲ್ಲಿ ನೋಡಿ ಬಿದ್ದು ಬಿದ್ದು ನಕ್ಕಿದ್ದೆ. ಆ ರಾತ್ರಿ ನಗು ಬರಲಿಲ್ಲ.

ಏಪ್ರಿಲ್, ಮೇ, ಜೂನ್... ಮೂರು ತಿಂಗಳ ಬಾಡಿಗೆ ಕೊಡೋಕೆ ಆಗಲಿಲ್ಲ. 7,800 ರೂಪಾಯಿ. ಮಾಲೀಕರು ಬೈಯಲಿಲ್ಲ, "ಅಡ್ವಾನ್ಸಿನಾಗೆ ಹಿಡ್ಕಂತೀನಿ" ಅಂದರು. ಅದು ನಾನು ಕೊಡಬೇಕಾದ ದುಡ್ಡೇ, ಅದರಲ್ಲಿ ತಕರಾರಿಲ್ಲ. ಅವರ ಹೆಂಡತಿ ಎಷ್ಟೋ ದಿನ ಸಾರು ಕಳಿಸಿದ್ದಾರೆ. ಅವರಿಗೂ ಅದೇ ಮೂರು ರೂಮಿನ ಬಾಡಿಗೆ ಬಿಟ್ಟರೆ ಬೇರೆ ಗತಿ ಇರಲಿಲ್ಲ, ಪಕ್ಕದ ಎರಡು ರೂಮಿನವರು ಖಾಲಿ ಮಾಡಿ ಊರಿಗೆ ಹೋಗಿದ್ದರು.

ಅಕ್ಟೋಬರ್ 15ರ ಮೇಲೆ ಚಿತ್ರಮಂದಿರ ತೆಗೆಯೋಕೆ ಅನುಮತಿ ಸಿಕ್ಕಿತು. ನಮ್ಮ ಟಾಕೀಸು ತೆಗೆಯಲಿಲ್ಲ. ಕೊನೆಯ ಚಿತ್ರದ ಪೋಸ್ಟರು ಗೋಡೆ ಮೇಲೆ ಬಿಸಿಲಿಗೆ ಬಿಳಿಚಿಕೊಂಡಿತು. ಊರ ಮಧ್ಯದ ಅಷ್ಟು ಜಾಗ. ಟಿಕೆಟ್ ಮಾರಿ ಬರುವುದಕ್ಕಿಂತ ಜಾಗಕ್ಕೇ ಬೆಲೆ ಜಾಸ್ತಿ. ನಾಡಿನ ಎಷ್ಟೋ ಒಂಟಿ ಪರದೆ ಟಾಕೀಸುಗಳು ಹೀಗೇ ಹೋಗಿವೆ. ನಮ್ಮದೂ ಹೋಯಿತು.

ಇಲ್ಲಿ ಬಂತು ನೋಡಿ ಕಥೆಗೆ ತಿರುವು! 2021ರಲ್ಲಿ ಮಾಲೀಕರು ಬಂದು, "ಬಾಡಿಗೆ ಮೂರು ಸಾವಿರದ ಇನ್ನೂರು ಮಾಡೀನಿ" ಅಂದರು. "ಒಮ್ಮೆಗೇ ಆರುನೂರಾ?" ಅಂದೆ. "ಈಗ ಸೌಂಡಿಲ್ಲಲ್ಲೋ ತಮ್ಮಾ" ಅಂದರು.

ನಾನು ಏನು ಹೇಳಲಿ? ಅವರ ಲೆಕ್ಕ ಸರಿಯಾಗಿಯೇ ಇತ್ತು. ಗದ್ದಲವೇ ನನಗೆ ರಿಯಾಯಿತಿ. ಗದ್ದಲ ಹೋಯಿತು, ರಿಯಾಯಿತಿಯೂ ಹೋಯಿತು. ಟಾಕೀಸು ಮುಚ್ಚಿದಾಗ ಎಲ್ಲರೂ ನೆನಪು ಹೋಯಿತು, ಸಂಸ್ಕೃತಿ ಹೋಯಿತು ಅಂತಾರೆ. ನನಗೆ ಹೋದದ್ದು ತಿಂಗಳಿಗೆ ಆರುನೂರು ರೂಪಾಯಿ.

2022ರಲ್ಲಿ ಟಾಕೀಸು ಒಡೆದು ಕಾಂಪ್ಲೆಕ್ಸ್ ಎಬ್ಬಿಸೋ ಮಾತು ಬಂತು. ಮಾಲೀಕರ ಮಗ ಬೆಂಗಳೂರಿಂದ ಬಂದ. ಮೂರು ರೂಮು ಸೇರಿಸಿ ಒಂದು ಮನೆ ಮಾಡ್ತೀವಿ, ಫ್ಯಾಮಿಲಿಗೆ ಕೊಡ್ತೀವಿ ಅಂದ. ತಿಂಗಳ ಕೊನೆಗೆ ಖಾಲಿ ಮಾಡಬೇಕು.

ಹದಿನೈದರಲ್ಲಿ ಉಳಿದದ್ದು

ಈಗ ಅಡ್ವಾನ್ಸ್ ವಾಪಸ್ ಕೊಡುವ ಸೀನು.

ಕೊಟ್ಟದ್ದು 15,000. ಲಾಕ್‌ಡೌನಿನ ಬಾಡಿಗೆ 7,800 ಕಳೆದು 7,200. ಸುಣ್ಣ ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಊರ ಪದ್ಧತಿ. ಆದರೆ ಯಾವ ಬಾಡಿಗೆ? ಬಂದಾಗಿನ 1,500 ಅಲ್ಲ, ಬಿಡುವಾಗಿನ 3,200! ಒಡೆದು ಕಟ್ಟುವ ರೂಮಿಗೆ ಬಣ್ಣ ಯಾಕೆ ಅಂತ ಕೇಳಿದೆ. "ಪದ್ಧತಿ ಐತಲ್ರೀ" ಅಂದ ಮಗ. ಕರೆಂಟು ನೀರು ಬಾಕಿ 400. ಕೈಗೆ ಬಂದದ್ದು 3,600 ರೂಪಾಯಿ.

ಊರಿಗೆ ಹೋದೆ. ಅವ್ವ ಏನೂ ಕೇಳಲಿಲ್ಲ. ಕಿವಿಯಲ್ಲಿ ಕಡ್ಡಿ ಇತ್ತು, ಹತ್ತು ವರ್ಷದಿಂದ ಇದ್ದ ಹಾಗೆ.

ಇಲ್ಲಿ ಒಂದು ಲೆಕ್ಕ ಮಾಡಿ ನೋಡಿ. ಒಂದು ರೂಪಾಯಿಯೂ ಹಿಡಿಯದೆ ಪೂರಾ ಹದಿನೈದು ಸಾವಿರ ವಾಪಸ್ ಬಂದಿದ್ದರೂ ಆ ಬೆಂಡೋಲೆ ಬರುತ್ತಿತ್ತಾ? 2022ರಲ್ಲಿ ಗ್ರಾಂಗೆ 4,700ರ ಆಸುಪಾಸು. ಐದು ಗ್ರಾಂಗೆ 23,500. ಎಂಟೂವರೆ ಸಾವಿರ ಕಡಿಮೆ! ಬಂಗಾರ ಓಡುತ್ತಿತ್ತು, ಅಡ್ವಾನ್ಸ್ ಮಾಲೀಕರ ಮನೆಯಲ್ಲಿ ಮಲಗಿತ್ತು. ಬಡ್ಡಿ ಇಲ್ಲ, ಬೆಳೆಯಲ್ಲ. 2025ರ ಏಪ್ರಿಲ್‌ನಲ್ಲಿ ಹತ್ತು ಗ್ರಾಂ ಅಪರಂಜಿ ಲಕ್ಷ ರೂಪಾಯಿ ಮುಟ್ಟಿತು. ಆ ಐದು ಗ್ರಾಂ ಇನ್ನು ನನ್ನ ಕೈಗೆಟುಕದಷ್ಟು ದೂರ ಹೋಗಿದೆ.

ಅಂದರೆ ಬಾಡಿಗೆ ಒಂದೂವರೆ ಸಾವಿರ ಅಂತ ನಾನು ಅಂದುಕೊಂಡಿದ್ದೇ ತಪ್ಪು. ಆ ರೂಮಿನ ನಿಜವಾದ ಬಾಡಿಗೆ ಬೋರ್ಡಿನ ಮೇಲೆ ಬರೆದದ್ದಲ್ಲ. ಅದರ ಜೊತೆಗೆ ಅಡ್ವಾನ್ಸಿನ ಬಡ್ಡಿಯೂ ಸೇರಬೇಕು. ಆ ಬಡ್ಡಿ ನನ್ನ ಜೇಬಿನಿಂದ ಹೋಗಲಿಲ್ಲ, ಅವ್ವನ ಕಿವಿಯಿಂದ ಹೋಯಿತು. ಅದಕ್ಕೇ ನನಗೆ ಕಾಣಲಿಲ್ಲ.

ರೂಮು ಹುಡುಕುವ ಗೆಳೆಯರಿಗೆ

ನನ್ನ ತಪ್ಪಿನಿಂದ ನೀವಾದರೂ ಕಲೀರಿ ಅಂತ ನಾಲ್ಕು ಮಾತು.

ಒಂದು: ಅಡ್ವಾನ್ಸ್ ಮೇಲೆ ಚೌಕಾಸಿ ಮಾಡಿ, ಬಾಡಿಗೆ ಮೇಲಲ್ಲ. ಬಾಡಿಗೆ ನೂರು ಜಾಸ್ತಿ ಆದರೂ ಅಡ್ವಾನ್ಸ್ ಅರ್ಧಕ್ಕಿಳಿದರೆ ನಿಮಗೇ ಲಾಭ. 2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು ಅಂತ ಇದೆ. ಅದು ಬರೀ ಮಾದರಿ, ರಾಜ್ಯಗಳು ತಾವೇ ಕಾನೂನು ಮಾಡಿಕೊಳ್ಳಬೇಕು. ಆದರೂ ಮಾಲೀಕರ ಮುಂದೆ ಆ ಮಾತು ಎತ್ತಿ ನೋಡಿ, ಹತ್ತು ತಿಂಗಳು ಆರಕ್ಕಾದರೂ ಇಳಿದೀತು.

ಎರಡು: ಎಲ್ಲ ಬರವಣಿಗೆಯಲ್ಲಿರಲಿ. ಹನ್ನೊಂದು ತಿಂಗಳ ಅಗ್ರಿಮೆಂಟೇ ಯಾಕೆ ಗೊತ್ತಾ? 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಕರಾರನ್ನು ರಿಜಿಸ್ಟರ್ ಮಾಡಿಸಲೇಬೇಕು. ಆ ಖರ್ಚು ತಪ್ಪಿಸೋಕೆ ಈ ಹನ್ನೊಂದು. ಇರಲಿ, ಆದರೆ ಅದರಲ್ಲಿ ಸುಣ್ಣ ಬಣ್ಣಕ್ಕೆ ಎಷ್ಟು, ಯಾವ ಬಾಡಿಗೆ ಲೆಕ್ಕದಲ್ಲಿ, ವರ್ಷಕ್ಕೆ ಎಷ್ಟು ಏರಿಕೆ, ಖಾಲಿ ಮಾಡೋಕೆ ಎಷ್ಟು ದಿನ ಮುಂಚೆ ಹೇಳಬೇಕು... ಇಷ್ಟೂ ಬರೆಸಿ. ಬಾಡಿಗೆಯನ್ನು ಫೋನಿನಿಂದಲೇ ಅಕೌಂಟಿಗೆ ಹಾಕಿ. ಅದೇ ನಿಮ್ಮ ರಸೀದಿ.

ಮೂರು: ಕರೆಂಟ್ ಮೀಟರು ಬೇರೆ ಇದೆಯಾ ನೋಡಿ. 2023ರಲ್ಲಿ ಬಂದ ಗೃಹಜ್ಯೋತಿ ಬಾಡಿಗೆದಾರರಿಗೂ ಉಂಟು. ಇಡೀ ಕಟ್ಟಡಕ್ಕೆ ಒಂದೇ ಮೀಟರ್ ಇದ್ದರೆ ಸೊನ್ನೆ ಬಿಲ್ಲು ಮಾಲೀಕರಿಗೆ, ಯೂನಿಟ್ ಲೆಕ್ಕ ನಿಮಗೆ ಆದೀತು! ಹಾಗೇ ನೀರು. ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತೆ, ಬೋರ್ ಇದೆಯಾ ಅಂತ ಮಾಲೀಕರನ್ನಲ್ಲ, ಪಕ್ಕದ ರೂಮಿನವರನ್ನು ಕೇಳಿ.

ನಾಲ್ಕು: ಬಾಡಿಗೆಯೇ ಬೇಡ, ಒಮ್ಮೆಗೆ ಲಕ್ಷಗಟ್ಟಲೆ ಕೊಟ್ಟು ಇರಿ ಅನ್ನುವ ಭೋಗ್ಯದ ಆಸೆಗೆ ಬೀಳುವ ಮುಂಚೆ ಆ ಮನೆಯ ಮೇಲೆ ಬ್ಯಾಂಕಿನ ಸಾಲ ಇದೆಯಾ ಅಂತ ಸಬ್ ರಿಜಿಸ್ಟ್ರಾರ್ ಆಫೀಸಿನ ಋಣಭಾರ ಪತ್ರ ತೆಗೆಸಿ ನೋಡಿ. ಸಾಲ ಕಟ್ಟದಿದ್ದರೆ ಬ್ಯಾಂಕಿನವರು ಮನೆಗೆ ಬರುತ್ತಾರೆ. ಆಗ ಮನೆಯಲ್ಲಿ ಇರೋರು ನೀವು!

ಉಳಿಯೋದು ಆರುನೂರು

ನಮ್ಮ ಅಂಗಡಿಗೆ ಈಚೆಗೆ ಒಬ್ಬ ಹುಡುಗ ಸೇರಿದ್ದಾನೆ. ನನ್ನಂತೆಯೇ ಹಳ್ಳಿಯಿಂದ. ಸಂಬಳ 14,000. ಮೊನ್ನೆ ಕೂತು ಅವನ ಲೆಕ್ಕ ಬರೆದೆವು. ರೂಮಿಗೆ 4,500, ಇಬ್ಬರು ಹಂಚಿಕೊಂಡು 2,250. ಮೆಸ್ಸು 3,600. ಪೆಟ್ರೋಲು 1,800. ಮೊಬೈಲಿಗೆ 350. ಕುಡಿಯೋ ನೀರು, ಸೋಪು, ಕಟಿಂಗ್ ಎಲ್ಲ ಸೇರಿ 900. ಬೆಳಗಿನ ತಿಂಡಿ, ಟೀ 1,500. ಮನೆಗೆ 3,000. ಒಟ್ಟು 13,400. ಉಳಿಯೋದು 600.

"ಅಣ್ಣಾ, ಪಿಕ್ಚರು?" ಅಂದ.

ಆರುನೂರರಲ್ಲೇ ಪಿಕ್ಚರು, ಆರುನೂರರಲ್ಲೇ ಜ್ವರ, ಆರುನೂರರಲ್ಲೇ ಅಕ್ಕನ ಮಗುವಿನ ಹೆಸರಿಡೋ ಶಾಸ್ತ್ರಕ್ಕೆ ಬಸ್ ಚಾರ್ಜು. 2025ರ ಮಾರ್ಚ್ ಬಜೆಟ್ಟಿನಲ್ಲಿ ಟಿಕೆಟ್ ಬೆಲೆ 200 ರೂಪಾಯಿ ಮೀರಬಾರದು ಅಂದಾಗ ಇವನಂಥವರು ಕುಣಿದಾಡಿದ್ದರು. ಸೆಪ್ಟೆಂಬರ್‌ನಲ್ಲಿ ನಿಯಮವೂ ಬಂತು, ಅದೇ ತಿಂಗಳು ಹೈಕೋರ್ಟಿನಿಂದ ತಡೆಯೂ ಬಂತು. ಮಲ್ಟಿಪ್ಲೆಕ್ಸಿನಲ್ಲಿ ಒಂದು ಶನಿವಾರ ಕೂತರೆ ಅವನ ಆರುನೂರರಲ್ಲಿ ಅರ್ಧ ಮಾಯ.

ಈ ಹುಡುಗನ ಅಡ್ವಾನ್ಸ್ ಎಷ್ಟು ಗೊತ್ತಾ? ನಲವತ್ತು ಸಾವಿರ. ಎಲ್ಲಿಂದ ತಂದೆ ಅಂತ ಕೇಳಿದೆ. ತಲೆ ತಗ್ಗಿಸಿ, "ಅವ್ವ ಕೊಟ್ಲು" ಅಂದ. ಮುಂದೆ ಕೇಳೋ ಧೈರ್ಯ ನನಗೆ ಬರಲಿಲ್ಲ.

ನಾನೀಗ ನಿಟ್ಟುವಳ್ಳಿ ಕಡೆ ಇದ್ದೀನಿ. ಅಡ್ವಾನ್ಸ್ ಚೀಟಿ ಎತ್ತಿ ಕೊಟ್ಟೆ. ಹೋದ ದೀಪಾವಳಿಗೆ ಅವ್ವನಿಗೆ ಓಲೆ ಕೊಡಿಸಿದೆ. ಐದು ಗ್ರಾಂ ಅಲ್ಲ, ಒಂದೂವರೆ. ಹಾಕಿಕೊಂಡು ಕನ್ನಡಿ ನೋಡಿ, "ಹಗುರ ಅದಾವು, ಛಲೋ ಆತು" ಅಂದಳು. ಗಿರಣಿಯಜ್ಜ ಈಗಲೂ ಮಾರ್ಕೆಟ್ಟಿನಲ್ಲಿ ಸಿಗ್ತಾರೆ. ನಿಂತು ಮಾತಾಡ್ತೀವಿ. ಹೊಸ ಮನೆಯಲ್ಲಿ ಅವರಿಗೂ ನಿದ್ದೆ ಬರಲ್ಲವಂತೆ!

ಇನ್ನು ಮುಂದೆ ಪರದೆಯ ಮೇಲೆ ಹೀರೋ ಟ್ರಂಕು ಹಿಡಿದು ರೂಮಿನ ಬಾಗಿಲು ತೆಗೆದಾಗ ಸಿಳ್ಳೆ ಹೊಡೀರಿ, ಬೇಡ ಅನ್ನಲ್ಲ. ಅದಕ್ಕೂ ಮೊದಲು ಗಾಂಧಿ ಕ್ಲಾಸಿನಿಂದ ಒಂದೇ ಒಂದು ಸಲ ನನ್ನ ಪರವಾಗಿ ಕೂಗಿಬಿಡಿ:

"ಗುರೂ... ಅಡ್ವಾನ್ಸ್ ಎಷ್ಟು ಕೊಟ್ಟೆ?"